ಆನೆಯ ಪಾಠ

"ಏ ರಂಡಿ, ಸೊಂಟ ಮುರದದೇನ? ಬಗ್ಗಿ ಕೊಯ್ಯಿ. ನೋಡಲ್ಲಿ, ನಿನ್ನ ಮಗಳೂ ಕೂಲಿಗಿ ಬಂದಾಳ," ಎಂದ ಗೌಡ.

ತೊಗರಿ ಕೊಯ್ಯುತ್ತಿದ್ದ ಗೌರಾಬಾಯಿ ತಲೆ ಎತ್ತಿದಳು. ಖರೆ. ಖಜೂರಿ ರಸ್ತೆ ದಾಟಿಕೊಂಡು ಅವರ ಓಣಿಯ ನಾಲ್ಕು ಮಕ್ಕಳು ಶಾಲೆಯ ಅಂಗಿಯಲ್ಲೇ ಬರುತ್ತಿದ್ದರು. ಮುಂದೆ ಐದನೇ ಇಯತ್ತೆಯ ಭಾಗ್ಯಾ.

"ಸಾಲಿ ಬಿಟ್ಟು ಇಲ್ಲೇನ ಬೇ?"

"ಸಾಲಿ ನೋಡಾಕ ಸಾಹೇಬ್ರು ಬಂದಾರವ್ವ. ನೀವು ನಾಕ್ ಮಂದಿ ಗೌಡ್ರ ಹೊಲಕ್ಕ ಹೋಗ್ರಿ ಅಂದ್ರು ಹೆಡ್‌ಮಾಸ್ತರ್ರು."

ಗೌರಾಬಾಯಿಗೆ ಪಿತ್ತ ನೆತ್ತಿಗೇರಿತು. ಊರ ಹೊರಗಿನ ಓಣಿಯವರೆಂದು ಮಕ್ಕಳನ್ನು ಮುಚ್ಚಿಡುತ್ತಾರೇನು? ಅದೂ ಇವಳನ್ನು? ದಿನಾ ಸಂಜೆ ತಾನು ರೊಟ್ಟಿ ಬಡಿಯುವಾಗ ಭಾಗ್ಯಾ ಪುಸ್ತಕ ತೆರೆದು ಆನೆಯ ಪಾಠ ಓದುತ್ತಿದ್ದಳು, ಎಲ್ಲೂ ತಡವರಿಸದೆ, ನೀರು ಕುಡಿದ ಹಾಗೆ. ಒಂದಕ್ಷರ ಬಾರದ ಗೌರಾಬಾಯಿ ಕೇಳಿ ಕೇಳಿ ಹಿಗ್ಗುತ್ತಿದ್ದಳು. ಈಗ ಕುಡಗೋಲು ಒಗೆದು ಮಗಳ ರಟ್ಟೆ ಹಿಡಿದಳು. "ಬ್ಯಾಡವ್ವ, ಬ್ಯಾಡ," ಎಂದು ಭಾಗ್ಯಾ ಹಿಂದಕ್ಕೆ ಜಗ್ಗಿದಳು. ಮಾಸ್ತರನಿಗೆ ಅಂಜುತ್ತಾಳೆ ಎಂದುಕೊಂಡಳು ತಾಯಿ.

ಶಾಲೆಯಲ್ಲಿ ಸಾಹೇಬರು ಗೌಡನ ಮನೆಯಿಂದ ಬಂದ ಚಹಾ ಕುಡಿಯುತ್ತಿದ್ದರು.

"ಸಾಹೇಬ್ರ, ಇಕಿ ಓದೂದು ಕೇಳ್ರಿ. ಆಮ್ಯಾಲ ಹೊಲಕ್ಕ ಕಳಿಸ್ರಿ."

ಅವರು ಒಂದು ಪುಸ್ತಕ ತೆರೆದು ಹುಡುಗಿಯ ಕೈಗಿಟ್ಟರು. ಭಾಗ್ಯಾ ಶುರು ಮಾಡಿದಳು: "ಒಂದು ಕಾಡಿನಲ್ಲಿ ಒಂದು ಆನೆ ಇತ್ತು..."

ಪುಟದ ಮೇಲೆ ರೈಲಿನ ಚಿತ್ರವಿತ್ತು. ಅಷ್ಟು ತಿಳಿಯಲು ಗೌರಾಬಾಯಿಗೆ ಅಕ್ಷರ ಬೇಕಿರಲಿಲ್ಲ. ಸಾಹೇಬರು ಹಾಳೆ ಮಗುಚಿದರು. ಅಲ್ಲಿ ಬಾವಿ. ಭಾಗ್ಯಾಳದು ಅದೇ ಆನೆ. ಮುಂದೆ ಕೂತ ಮಕ್ಕಳು ಕಿಸಕ್ಕನೆ ನಕ್ಕರು.

"ಈ ಮಂದೀದು ಇಷ್ಟೇ ಸರ್," ಎಂದ ಹೆಡ್‌ಮಾಸ್ತರ. "ತಾಯಿನೇ ಹೊಲಕ್ಕ ಎಳಕೊಂಡ ಹೋಗ್ತಾಳ. ತಲಿಗಿ ಏನ್ ಹತ್ತತದ?"

ಗೌರಾಬಾಯಿ ಮಗಳ ಗಲ್ಲ ಹಿಡಿದೆತ್ತಿದಳು. "ಖರೆ ಹೇಳು. ನಿನಗ ಓದಾಕ ಬರಾಂಗಿಲ್ಲೇನು?"

"ಕಲಿಸೇ ಇಲ್ಲವ್ವ. ನೀರ್ ತಾ, ಕಕ್ಕಸ ತೊಳಿ ಅಂತಾರ. ಬಾಗಿಲಾಗ ನಿಂತು, ಮುಂದಿನವ್ರು ಓದೂದು ಕೇಳಿ ಬಾಯಿಪಾಠ ಮಾಡೀನಿ."

"ನನಗ್ಯಾಕ ಹೇಳಲಿಲ್ಲ?"

"ನೀ ಹಿಗ್ಗತಿದ್ದೆಲ್ಲ, ಅದಕ್ಕ."

ಗೌರಾಬಾಯಿ ಯಾರಿದ್ದಾರೆ, ಯಾರಿಲ್ಲ ಎಂದು ನೋಡದೆ ಅತ್ತಳು. ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡು, ಮುಂದಿನ ಸಾಲಿನಲ್ಲಿದ್ದ ಗೌಡನ ಮೊಮ್ಮಗನನ್ನು ಸರಿಸಿ ಮಗಳನ್ನು ಕೂಡಿಸಿದಳು. ತಾನು ಹೋಗಿ ಬಾಗಿಲಿಗೆ ಅಡ್ಡ ಕೂತಳು.

"ಏಳ ಬೇ, ಸಾಹೇಬ್ರು ಹೋಗಬೇಕು," ಎಂದ ಹೆಡ್‌ಮಾಸ್ತರ.

"ಐದು ವರ್ಷ ನನ್ನ ಮಗಳ ಕೈಲಿ ಕಕ್ಕಸ ತೊಳಿಸಿದಿ, ಭಾಡ್ಯಾ. ಇಕಿ ಹೆಸರಾದ್ರೂ ಇಕಿಗಿ ಬರಿಯಾಕ ಕಲಸು. ಅಲ್ಲೀತನ ಯಾರೂ ಹೊರಗ ಹೋಗಾಂಗಿಲ್ಲ."

ಸಾಹೇಬರು ಗಡಿಯಾರ ನೋಡಿಕೊಂಡರು. ಹೆಡ್‌ಮಾಸ್ತರ ಹಲ್ಲು ಕಡಿಯುತ್ತ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಹತ್ತಿರ ಹೋದ. ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಮೆಲ್ಲಗೆ ಹುಡುಗಿಯ ಕಡೆ ತಿರುಗಿದ.

"ನಿನ್ನ ಹೆಸರೇನ ಬೇ?" ಎಂದು ಕೇಳಿದ.