ಹಲ್ಲುಚಕ್ರ

ರಾತ್ರಿಯೆಲ್ಲ ಬೀಸಿದ ಗಾಳಿ ಬೆಳಗಿನ ಹೊತ್ತಿಗೆ ತಣ್ಣಗಾಗಿತ್ತು. ಗ್ಯಾರೇಜಿನ ಷಟರಿನ ಬುಡಕ್ಕೆ ಒಣ ಎಲೆಗಳು ಬಂದು ಗುಡ್ಡೆಬಿದ್ದಿದ್ದವು. ಮೋಡ ಚದುರಿದ ಆಕಾಶ ಆಗಷ್ಟೇ ಒರೆಸಿಟ್ಟ ಗಾಜಿನ ಹಾಗಿತ್ತು. ಮೇಸ್ತ್ರಿ ಎಲೆ ಗುಡಿಸಿ, ಷಟರ್ ಎತ್ತಿ, ಸ್ಪ್ಯಾನರುಗಳ ಪೆಟ್ಟಿಗೆಯ ಮುಂದೆ ಕಣ್ಣು ಮುಚ್ಚಿ ನಿಂತರು. ಮೂವತ್ತು ವರ್ಷದಿಂದ ಅವರು ದೇವರಲ್ಲಿ ಕೇಳಿಕೊಳ್ಳುತ್ತಿದ್ದುದು ಒಂದೇ: ನನ್ನ ಕೈಯಿಂದ ಹೋದ ಗಾಡಿ ಯಾರನ್ನೂ ದಾರಿಯಲ್ಲಿ ಕೈಬಿಡದಿರಲಿ.

ಕಣ್ಣು ತೆರೆದಾಗ ಎದುರಿಗೆ ಟ್ಯಾಕ್ಸಿಯವನು ನಿಂತಿದ್ದ. ಏನು ಕೇಳಿದರೂ ‘ಆಮೇಲೆ’ ಎನ್ನುವ ಅವನನ್ನು ಬೀದಿಯವರೆಲ್ಲ ಆಮೇಲಪ್ಪ ಎಂದೇ ಕರೆಯುತ್ತಿದ್ದರು.

“ಅಣ್ಣಾ, ಹೊಸ ಮೀಟರ್ ಹಾಕಿಸ್ದೆ. ನಿಮ್ಮ ಸಾಮಾನು ತಗೊಳ್ಳಿ,” ಎಂದು ಕಾಗದದ ಪೊಟ್ಟಣ ಚಾಚಿದ.

ಒಳಗಿದ್ದದ್ದು ಅಂಗಿಯ ಗುಂಡಿಯಷ್ಟಿದ್ದ ಬಿಳಿಯ ಹಲ್ಲುಚಕ್ರ. ಕಾರು ಎಷ್ಟು ಕಿಲೋಮೀಟರ್ ಓಡಿತೆಂದು ತೋರಿಸುವ ಅಂಕಿಗಳನ್ನು ತಿರುಗಿಸುವುದು ಅದೇ. ಹಿಂದೆ ಇವನದು ಮುರಿದು, ಬಾಡಿಗೆಗೆ ಲೆಕ್ಕವಿಲ್ಲದೆ ಒದ್ದಾಡುತ್ತಿದ್ದಾಗ ಅದೇ ಮಾದರಿಯ ಇನ್ನೊಂದು ಕಾರು ಗ್ಯಾರೇಜಿನಲ್ಲಿತ್ತು. ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವ ನರ್ಸಮ್ಮನದು. ಒಂದು ವಾರದ ಮಟ್ಟಿಗೆ ಈ ಚಕ್ರ ತೆಗೀಲಾ ಎಂದು ಮೇಸ್ತ್ರಿ ಕೇಳಿದ್ದರು. “ತಗೊಳ್ಳಿ, ನಾನೇನು ಬಾಡಿಗೆ ವಸೂಲಿ ಮಾಡ್ಬೇಕಾ,” ಎಂದು ಆಕೆ ನಕ್ಕಿದ್ದರು.

“ವಾರ ಅಂದೋನು ಎಷ್ಟು ದಿನ ಇಟ್ಕೊಂಡೆ ಪುಣ್ಯಾತ್ಮ?”

“ಮಗಳು ಹುಟ್ಟಿದ ವಾರ ಇಸ್ಕೊಂಡಿದ್ದು ಅಣ್ಣ. ಈಗ ಅವಳನ್ನ ಹಿಡಿಯೋಕೆ ಇಬ್ರು ಬೇಕು. ಬಾಗಿಲು ತೆಗೆದ್ರೆ ಬೀದಿಗೆ ಓಟ.”

ನಗಲು ಹೋದ ಮೇಸ್ತ್ರಿ ಅರ್ಧಕ್ಕೇ ನಿಲ್ಲಿಸಿದರು. ಓಡುವ ಮಗು ಎಂದರೆ ಒಂದೂವರೆ ವರ್ಷ. ಒಂದೂವರೆ ವರ್ಷದಿಂದ ನರ್ಸಮ್ಮನ ಕಾರಿನ ಅಂಕಿ ಅಲ್ಲಾಡಿಲ್ಲ.

ಟೈಮಿಂಗ್ ಬೆಲ್ಟ್ ಬದಲಾಯಿಸಿದಾಗಲೆಲ್ಲ, ಮತ್ತೆ ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕೆಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಗೆ ಅಂಟಿಸುವುದು ಅವರ ಪದ್ಧತಿ. ಊರೆಲ್ಲ ಆ ಚೀಟಿಯನ್ನು ನಂಬಿತ್ತು. ಎಲ್ಲರಿಗಿಂತ ಹೆಚ್ಚು ನಂಬಿದವರು ಅವರೇ. ಹೋದ ತಿಂಗಳು ನರ್ಸಮ್ಮನ ಕಾರಿನ ಆಯಿಲ್ ಬದಲಾಯಿಸುವಾಗ, ಚಕ್ರ ಕಿತ್ತದ್ದು ನೆನಪಿಗೆ ಬಾರದೆ, ಚೀಟಿ ನೋಡಿ, ಮೀಟರ್ ನೋಡಿ, “ಇನ್ನೂ ಒಂಬತ್ತು ಸಾವಿರ ಇದೆ, ಆರಾಮಾಗಿ ಓಡಿಸಿ,” ಎಂದು ತಮ್ಮ ಬಾಯಿಂದಲೇ ಹೇಳಿ ಕಳಿಸಿದ್ದರು. ದಿನಕ್ಕೆ ಹನ್ನೊಂದು ಮನೆ, ಐವತ್ತು ಕಿಲೋಮೀಟರ್. ಆ ಒಂಬತ್ತು ಸಾವಿರ ಯಾವತ್ತೋ ಮುಗಿದುಹೋಗಿತ್ತು.

ಇಂಜಿನ್ನಿನ ಒಳಗೆ ಪಿಸ್ಟನ್ ಮೇಲೇರುವ ಹೊತ್ತಿಗೆ ವಾಲ್ವ್ ಹಿಂದೆ ಸರಿದು ದಾರಿ ಬಿಡಬೇಕು. ಆ ಹೊಂದಾಣಿಕೆಯನ್ನು ಕಾಯುವುದು ಟೈಮಿಂಗ್ ಬೆಲ್ಟ್ ಎಂಬ ಹಲ್ಲುಗಳಿರುವ ರಬ್ಬರ್ ಪಟ್ಟಿ. ಓಡುತ್ತಿರುವಾಗ ಅದು ಹರಿದರೆ ಎರಡೂ ಒಂದಕ್ಕೊಂದು ಬಡಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಇಂಜಿನ್ ಗುಜರಿ ಪಾಲು. ಇನ್ನೊಂದು ಇಂಜಿನ್ ಹಾಕಿಸುವ ಶಕ್ತಿ ನರ್ಸಮ್ಮನಿಗಿರಲಿಲ್ಲ. ಕಾರು ನಿಂತರೆ ಆಕೆಯ ಕೆಲಸವೂ ನಿಂತಂತೆ. ಹನ್ನೊಂದು ಮನೆಯವರು ಬಾಗಿಲು ನೋಡುತ್ತಾ ಕೂರಬೇಕು.

ಫೋನ್ ಮಾಡಿದರು. ಎತ್ತಲಿಲ್ಲ. ಗಾಯ ತೊಳೆಯುವಾಗ ಆಕೆ ಫೋನ್ ಮುಟ್ಟುವವರಲ್ಲ.

“ಈ ಹೊತ್ತಿಗೆ ದಿಬ್ಬದ ಮೇಲಿನ ಹೆಡ್‌ಮಾಷ್ಟ್ರ ಮನೇಲಿರ್ತಾರೆ. ಗಾಡಿ ತೆಗಿ.”

ಆಮೇಲಪ್ಪ ಬಾಯಿ ತೆರೆದ.

“ಆಮೇಲೆ ಅಂದ್ರೆ ನೋಡು.”

“ಹಗ್ಗ ತಗೊಳ್ಳಿ ಅನ್ನೋಕೆ ಹೋದೆ ಅಣ್ಣ,” ಎಂದ ಅವನು.

ಅವರು ದಿಬ್ಬ ಹತ್ತುವಷ್ಟರಲ್ಲಿ ನರ್ಸಮ್ಮ ಹೊರಗೆ ಬಂದು, ಔಷಧಿಯ ಚೀಲವನ್ನು ಪಕ್ಕದ ಸೀಟಿಗಿಟ್ಟು, ಕೀಲಿ ತೂರಿಸಿಯಾಗಿತ್ತು. ಮೇಸ್ತ್ರಿ ಕಿಟಕಿಯೊಳಗೆ ಕೈ ಹಾಕಿ ಕೀಲಿಯನ್ನು ಹಿಡಿದುಕೊಂಡರು.

“ತಿರುಗಿಸ್ಬೇಡಿ ತಾಯಿ.”

“ಏನ್ ಮೇಸ್ತ್ರಿಗಳೇ, ಹಾಡಹಗಲೇ ದರೋಡೆಗೆ ಇಳಿದ್ರಾ?”

ಮೇಸ್ತ್ರಿ ಬಾನೆಟ್ ಎತ್ತಿ, ಬೆಲ್ಟಿನ ಮುಚ್ಚಳ ಸಡಿಲಿಸಿ ಟಾರ್ಚ್ ಬಿಟ್ಟರು. ಬೆಲ್ಟಿನ ಬೆನ್ನು ಬರಿಗಾಲಲ್ಲಿ ನಡೆದ ಹಿಮ್ಮಡಿಯ ಹಾಗೆ ಒಡೆದಿತ್ತು. ಎರಡು ಹಲ್ಲುಗಳ ಬುಡ ಕಿತ್ತು ಒಳಗಿನ ನೂಲು ಕಾಣುತ್ತಿತ್ತು.

“ಇದು ನನ್ನ ತಪ್ಪು,” ಎಂದರು ಮೇಸ್ತ್ರಿ. “ಚಕ್ರ ಕಿತ್ತೋನು ನಾನು. ನಿಂತುಹೋದ ಅಂಕಿ ನೋಡಿ ಇನ್ನೂ ಓಡಿಸಿ ಅಂದೋನೂ ನಾನೇ.”

ನರ್ಸಮ್ಮ ಸೆರಗು ಸಿಕ್ಕಿಸಿಕೊಂಡು ಬಗ್ಗಿದರು. ಗಾಯ ನೋಡುವಾಗಿನಂತೆಯೇ ಅವಸರವಿಲ್ಲದೆ ನೋಡಿದರು.

“ನೆನ್ನೆ ಇದ್ರಲ್ಲೇ ಸೇತುವೆ ದಾಟಿದ್ದೆ. ಅತ್ತೆ ಹಿಂದೆ ಕೂತಿದ್ರು.”

ಮೇಸ್ತ್ರಿ ಟಾರ್ಚ್ ಆರಿಸಿದರು.

“ಪಾಪ, ಹೇಗೋ ತಡ್ಕೊಂಡಿದೆ,” ಎಂದರು ಆಕೆ, ಪಾಪ ಎಂದದ್ದು ಬೆಲ್ಟಿಗೋ ಮೇಸ್ತ್ರಿಗೋ ತಿಳಿಯದ ಹಾಗೆ. “ಹನ್ನೊಂದರಲ್ಲಿ ಒಂದು ಮನೆ ಮುಗೀತು. ಮಿಕ್ಕ ಹತ್ತಕ್ಕೆ ಏನ್ ಮಾಡ್ಲಿ?”

“ಇವನು ಸುತ್ತಿಸ್ತಾನೆ. ಸಂಜೆಗೆ ಗಾಡಿ ನಿಮ್ಮ ಕೈಗೆ. ಕೆಲಸ, ಖರ್ಚು ಎಲ್ಲ ನಂದೇ.”

“ಮೀಟರ್ ಹಾಕ್ತೀಯೇನಪ್ಪ?”

“ಅದೆಲ್ಲ ಆಮೇಲೆ ಅಕ್ಕ,” ಎಂದ ಆಮೇಲಪ್ಪ, ಹಗ್ಗ ಬಿಗಿಯುತ್ತ. ಮೂವರೂ ನಕ್ಕರು.

ಕಾರನ್ನು ಗ್ಯಾರೇಜಿಗೆ ಎಳೆದುಬಿಟ್ಟು ಅವರಿಬ್ಬರೂ ಹೊರಟ ಮೇಲೆ ಮೇಸ್ತ್ರಿ ಒಬ್ಬರೇ ಕೂತು ಕೆಲಸ ಮಾಡಿದರು. ಹೊಸ ಬೆಲ್ಟನ್ನು ಗುರುತಿಗೆ ಗುರುತು ಕೂಡಿಸಿ ತೊಡಿಸಿದರು. ಕೀಲಿ ತಿರುಗಿಸುವ ಮೊದಲು ಇಂಜಿನ್ನನ್ನು ಸ್ಪ್ಯಾನರಿನಿಂದ ಎರಡು ಸುತ್ತು ಕೈಯಲ್ಲೇ ಸುತ್ತಿಸಿದರು. ಎಲ್ಲೂ ತಡೆಯಲಿಲ್ಲ. ಮೊದಲ ಸಲಕ್ಕೇ ಹತ್ತಿಕೊಂಡ ಇಂಜಿನ್ನಿಗೆ ಕಿವಿ ಕೊಟ್ಟು ಬಹಳ ಹೊತ್ತು ನಿಂತರು.

ಬಿಸಿಲು ಓರೆಯಾದಾಗ ನರ್ಸಮ್ಮ ಬಂದರು. ಎತ್ತಿದ ಬಾನೆಟ್ಟಿನ ಒಳಗೆ ಹೊಸ ಚೀಟಿಯಿತ್ತು. ಅಂಕಿಯ ಕೆಳಗೆ ಇನ್ನೊಂದು ಸಾಲಿತ್ತು.

“ತಾರೀಕು ಬೇರೆ ಬರ್ದಿದ್ದೀರಿ.”

“ಅದು ಯಾರು ಕಿತ್ಕೊಂಡ್ರೂ ನಿಲ್ಲಲ್ಲವಲ್ಲ,” ಎಂದರು ಮೇಸ್ತ್ರಿ.

ಸ್ಟಿಯರಿಂಗಿನ ಹಿಂದೆ ಮೀಟರಿನ ಮುಚ್ಚಳ ಇನ್ನೂ ತೆರೆದೇ ಇತ್ತು. ಮೇಸ್ತ್ರಿ ಕೈ ತೊಳೆದು ಬಂದು, ಜೇಬಿನಿಂದ ಪೊಟ್ಟಣ ತೆಗೆದರು. ಬಿಳಿಯ ಚಕ್ರವನ್ನು ಅಂಗಿಯ ಅಂಚಿನಿಂದ ಒಮ್ಮೆ ಒರೆಸಿ, ಮೀಟರಿಗೆ ಕೂಡಿಸುವ ಮೊದಲು ಆಕೆಯ ಅಂಗೈ ಮೇಲಿಟ್ಟರು.