ಖಡ್ಗಗುರುವಿಗೆ ಕವಚವಿಲ್ಲ

ಕವಚ ತೊಟ್ಟವರನ್ನು ಕಂಡರೆ ತಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಈ ಕಾಲದಲ್ಲಿ ಕವಚ ಯಾರಪ್ಪಾ ತೊಡುತ್ತಾರೆ ಅಂದರೆ, ಇದು ಆಟದ ಮಾತು. ಭಾನುವಾರ ಮಧ್ಯಾಹ್ನ ಅಣ್ಣನ ಫೋಟೊ ಫ್ರೇಮ್ ಅಂಗಡಿಯ ಮಹಡಿಯಲ್ಲಿ ನಾಲ್ಕು ಜನ ಮೇಜಿನ ಸುತ್ತ ಕೂತು, ಕಾಗದ, ಪೆನ್ಸಿಲ್, ಇಪ್ಪತ್ತು ಮುಖದ ದಾಳ ಇಟ್ಟುಕೊಂಡು ಆಡುವ ಆಟ. ಒಬ್ಬರು ಕಥೆ ನಡೆಸುತ್ತಾರೆ, ಶತ್ರುಗಳ ಪರವಾಗಿ ದಾಳ ಹಾಕುತ್ತಾರೆ. ಉಳಿದವರು ಒಬ್ಬೊಬ್ಬ ವೀರರಾಗಿ ಆ ಕಥೆಯೊಳಗೆ ಬದುಕುತ್ತಾರೆ, ಇಲ್ಲವೇ ಸಾಯುತ್ತಾರೆ.

ಐದು ವರ್ಷದಿಂದ ಕಥೆ ನಡೆಸುತ್ತಿದ್ದವನು ಅಣ್ಣ. ಅವನ ಗೆಳೆಯ, ಸ್ಕೂಲ್ ಬಸ್ಸಿನ ಡ್ರೈವರ್, ಆಟದಲ್ಲಿ ತಲೆಯಿಂದ ಕಾಲಿನವರೆಗೆ ಕಬ್ಬಿಣ ತೊಟ್ಟ ಸೈನಿಕ. ಅತ್ತಿಗೆ ಆಸ್ಪತ್ರೆಯಲ್ಲಿ ನರ್ಸ್, ಆಟದಲ್ಲಿ ಮಾಟಗಾತಿ. ವಾರವೆಲ್ಲ ಗಾಯ ಕಟ್ಟಿ ಸಾಕಾಗಿದೆ, ಇಲ್ಲಾದರೂ ನಾಲ್ಕು ಜನರಿಗೆ ಬೆಂಕಿ ಹಚ್ಚುತ್ತೇನೆ ಎನ್ನುತ್ತಿದ್ದಳು. ತಮ್ಮ ಖಡ್ಗಗುರು. ಬರಿಮೈ, ಒಂದೇ ಕತ್ತಿ. ಗುರಾಣಿ ಹಿಡಿದರೂ ವಿದ್ಯೆ ಕೈಬಿಡುತ್ತದೆ ಎಂಬುದು ನಿಯಮ. ಚುರುಕೇ ಅವನಿಗೆ ಕವಚ.

"ಆ ಡಬ್ಬದೊಳಗೆ ಸೆಕೆ ಆಗಲ್ವೇನಯ್ಯಾ?" ಎಂದು ಡ್ರೈವರನನ್ನು ರೇಗಿಸದೆ ಅವನ ಭಾನುವಾರ ಮುಗಿಯುತ್ತಿರಲಿಲ್ಲ.

ರೇಗಿಸುವ ಹಕ್ಕೂ ಇತ್ತು. ಐದು ವರ್ಷದಲ್ಲಿ ಖಡ್ಗಗುರುವಿಗೆ ಬಿದ್ದ ಏಟು ಬೆರಳಲ್ಲಿ ಎಣಿಸುವಷ್ಟು. ಅಣ್ಣ ರಟ್ಟಿನ ಮರೆಯ ಹಿಂದೆ ದಾಳ ಉರುಳಿಸಿ, ಬಗ್ಗಿ ನೋಡಿ, "ತಪ್ಪಿಹೋಯ್ತು! ಗಾಳಿನೂ ತಾಗ್ಲಿಲ್ಲ!" ಎನ್ನುತ್ತಿದ್ದ. ತಮ್ಮನ ಎದೆ ಉಬ್ಬುತ್ತಿತ್ತು. ನಲವತ್ತು ದಾಟಿದವನು, ಹದಿನೆಂಟು ವರ್ಷದಿಂದ ಅಣ್ಣನ ಅಂಗಡಿಯಲ್ಲೇ ಗಾಜು ಕತ್ತರಿಸುವವನು ಹೀಗೆ ಉಬ್ಬುವುದೇ ಎಂದು ನಗಬೇಡಿ. ಮನುಷ್ಯನಿಗೆ ಎಲ್ಲೋ ಒಂದು ಕಡೆಯಾದರೂ ತಾನು ಗಟ್ಟಿಗ ಅನ್ನಿಸಬೇಕು. ಆ ಧೈರ್ಯದಲ್ಲೇ ಅವನು ಪಕ್ಕದ ಬೀದಿಯಲ್ಲಿ ಖಾಲಿಯಿದ್ದ ಮಳಿಗೆಯೊಂದನ್ನು ನೋಡಿ ಬಂದಿದ್ದ. ಸ್ವಂತ ಅಂಗಡಿ! ಸೋಮವಾರ ಹತ್ತು ಗಂಟೆಗೆ ಮಳಿಗೆಯವರಿಗೆ ಹೂಂ ಅನ್ನಬೇಕು, ಇಲ್ಲವೇ ಬಿಡಬೇಕು. ಆಟ ಮುಗಿದ ಮೇಲೆ ಅಣ್ಣನಿಗೆ ಹೇಳಿಬಿಡುವುದೆಂದು ಮಾತು ಜೋಡಿಸಿಕೊಳ್ಳುತ್ತಲೇ ಆ ಭಾನುವಾರ ಮೆಟ್ಟಿಲು ಹತ್ತಿದ.

ಅಣ್ಣನಿಗೆ ಗಂಟಲು ಕಟ್ಟಿತ್ತು. "ಇವತ್ತು ನಾನೇ ನಡೆಸ್ತೀನಿ ಬಿಡಿ," ಎಂದು ಅತ್ತಿಗೆ ಅವನ ಕುರ್ಚಿಯಲ್ಲಿ ಕೂತು, ರಟ್ಟಿನ ಮರೆಯನ್ನು ಮಡಚಿ ಕಿಟಕಿಯ ಪಕ್ಕ ಇಟ್ಟಳು.

"ಅದಿರ್ಲಿ ಕಣೇ. ಮರೆಯಲ್ಲೇ ಹಾಕ್ಬೇಕು," ಎಂದ ಅಣ್ಣ, ಒಡೆದ ದನಿಯಲ್ಲಿ.

"ಯಾಕೆ? ನನ್ನ ಹತ್ರ ಏನಿದೆ ಬಚ್ಚಿಡೋಕೆ?"

"ಹಾಗಲ್ಲ... ಪದ್ಧತಿ."

"ನಿಮ್ಮ ಪದ್ಧತಿ ನಿಮಗೇ ಇರ್ಲಿ."

ಎದುರಾದವರು ರಾಕ್ಷಸರೂ ಅಲ್ಲ, ಮಣ್ಣೂ ಅಲ್ಲ. ಸೇತುವೆಯ ಕೆಳಗೆ ಅಡಗಿದ್ದ ಮೂವರು ಪುಡಿಗಳ್ಳರು, ಕೈಯಲ್ಲಿ ತುಕ್ಕು ಹಿಡಿದ ಚೂರಿ. ಖಡ್ಗಗುರು ನಗುತ್ತ ಮುಂದೆ ಹೋದ. ದಾಳದಲ್ಲಿ ಹದಿನೈದು ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಅವನಿಗೆ ಏಟು. ಅತ್ತಿಗೆ ಎಲ್ಲರ ಕಣ್ಣೆದುರೇ ಹಾಕಿದಳು.

"ಹದಿನಾರು. ತಗುಲ್ತು. ಒಂಬತ್ತು, ಇದಿಲ್ಲ. ಹದಿನೆಂಟು, ತಗುಲ್ತು."

ಮುಂದಿನ ಸುತ್ತಿನಲ್ಲಿ ಮತ್ತೊಂದು ಹದಿನೈದು. ಖಡ್ಗಗುರು ಸೇತುವೆಯ ಕೆಳಗೆ ಕೆಸರಲ್ಲಿ ಬಿದ್ದ.

ಡ್ರೈವರ್ ಹೊಟ್ಟೆ ಹಿಡಿದು ನಕ್ಕ. "ಯಜಮಾನ್ರು ನಡೆಸಿದ್ರೆ ಇವ್ನು ಯಾವ ಜನ್ಮದಲ್ಲೂ ಬೀಳ್ತಿರ್ಲಿಲ್ಲ!" ಅಂದವನು ಅಣ್ಣನ ಮುಖ ನೋಡಿ ತೆಪ್ಪಗಾದ.

ತಮ್ಮ ದಾಳವನ್ನೇ ನೋಡುತ್ತಿದ್ದ. ಇಪ್ಪತ್ತು ಮುಖದಲ್ಲಿ ಆರು ಮುಖ ತನಗೆ ಏಟು. ಶತ್ರುಗಳು ಹತ್ತು ಸಲ ಬೀಸಿದರೆ ಮೂರಾದರೂ ತಾಗಬೇಕು. ಐದು ವರ್ಷದಲ್ಲಿ ಎಷ್ಟು ಸಾವಿರ ಸಲ ಬೀಸಿದ್ದರು! ಗಾಜನ್ನು ಕೂದಲೆಳೆಯಷ್ಟೂ ಬಿಡದೆ ಅಳೆಯುವ ತಲೆಗೆ ಈ ಲೆಕ್ಕ ಒಂದು ದಿನವೂ ಹೊಳೆದಿರಲಿಲ್ಲ.

"ಅಣ್ಣಾ, ಸುಳ್ಳು ಹೇಳ್ತಿದ್ಯಾ?"

"ಆಟ ಕಣೋ."

"ಇಷ್ಟು ವರ್ಷ?"

"ಬರಿಮೈಯೋನು, ಮೊದಲನೇ ವಾರವೇ ಸತ್ತೋಗ್ತಿದ್ದೆ. ನಿನ್ನ ಮುಖ ನೋಡಕ್ಕಾಗ್ಲಿಲ್ಲ. ಪಾಪ ಅನ್ನಿಸ್ತು."

ಪಾಪ ಅನ್ನಿಸಿತಂತೆ! ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈ ಕನಿಕರವನ್ನು ಉಗುಳುವುದು ಎಲ್ಲಿಗೆ? ತಮ್ಮನಿಗೆ ಅವಮಾನದಿಂದ ಕಿವಿ ಬಿಸಿಯಾಯಿತು. ಆಮೇಲೆ ಇನ್ನೊಂದು ಮಾತು ಹೊಳೆಯಿತು.

"ಅಂಗಡೀಲೂ? ನಾನು ಕತ್ತರಿಸಿದ ಗಾಜು ಒಂದೂ ವಾಪಸ್ ಬಂದಿಲ್ಲ ಅಂತಿದ್ಯಲ್ಲ?"

ಅಣ್ಣ ಹೆಂಡತಿಯ ಕಡೆ ನೋಡಿದ. ಅವಳು ಆಟದ ನಿಯಮಗಳ ಪುಸ್ತಕದ ಪುಟ ತಿರುವಿದಳು.

"ಕೆಲವು... ಬೆಳಿಗ್ಗೆ ಬೇಗ ಬಂದು ನಾನೇ ಮತ್ತೆ ಕತ್ತರಿಸ್ತಿದ್ದೆ. ಎಲ್ಲಾ ಅಲ್ಲ ಕಣೋ."

"ಯಾವುದು ಅಲ್ಲ?"

ಅಣ್ಣ ಮೇಜಿನ ಮೇಲಿದ್ದ ಪೆನ್ಸಿಲ್ ಎತ್ತಿ ಮತ್ತೆ ಅಲ್ಲೇ ಇಟ್ಟ.

"ಇನ್ನೂ ಸತ್ತಿಲ್ಲ ನೀನು," ಎಂದಳು ಅತ್ತಿಗೆ ಮೆಲ್ಲಗೆ. "ಬಿದ್ದೋರಿಗೆ ಒಂದು ಅವಕಾಶ ಇದೆ. ಹತ್ತರ ಮೇಲೆ ಬಿದ್ರೆ ಬದುಕ್ತೀಯ. ನೀನೇ ಹಾಕು."

ತಮ್ಮ ದಾಳ ತೆಗೆದುಕೊಂಡ. ಇದೊಂದಾದರೂ ನನ್ನದಾಗಲಿ ಅಂದುಕೊಂಡ. ಬದುಕಿದರೆ ಈ ಕ್ಷಣವೇ ಮಳಿಗೆಯ ವಿಷಯ ಹೇಳಿಬಿಡುವುದು, ನಾಳೆ ಹೋಗುವುದು. ಕೆಟ್ಟರೆ ಕೆಡಲಿ, ನನ್ನ ಕೈಯಿಂದಲೇ ಕೆಡಲಿ. ಹಾಕಿದ. ತುಸು ಜೋರಾಯಿತು. ದಾಳ ಮೇಜುದ್ದಕ್ಕೂ ಉರುಳಿ ಅಣ್ಣನ ಕಡೆಯ ಅಂಚಿಗೆ ಹೋಯಿತು. ಅಣ್ಣನ ಅಂಗೈ ಅದರ ಮೇಲೆ ಬಿತ್ತು.

"ಬದುಕ್ದೆ ಕಣೋ!"

"ಕೈ ತೆಗಿ."

ತೆಗೆದ. ಹದಿನೇಳು.

"ನಿನ್ನಾಣೆ ನಾನೇನೂ ಮಾಡ್ಲಿಲ್ಲ. ಕೆಳಗೆ ಬೀಳ್ತಿತ್ತು, ಹಿಡಿದೆ ಅಷ್ಟೆ," ಎಂದ ಅಣ್ಣ. ಅವನ ಕಣ್ಣಲ್ಲಿ ನೀರಿತ್ತು. ನಿಜವನ್ನೇ ಹೇಳುತ್ತಿದ್ದನೋ ಏನೋ. ಡ್ರೈವರ್ ನೋಡಿರಲಿಲ್ಲ, ಅತ್ತಿಗೆಗೂ ಕಂಡಿರಲಿಲ್ಲ.

"ಇನ್ನೊಂದ್ಸಲ ಹಾಕ್ಬಿಡು," ಎಂದಳು ಅವಳು.

"ಬೇಡ ಅತ್ತಿಗೆ. ಸತ್ತ ಅಂತ ಬರ್ಕೊಳ್ಳಿ."

ಮಳಿಗೆಯ ಮಾತನ್ನು ಅವನು ಎತ್ತಲೇ ಇಲ್ಲ. ಸೋಮವಾರ ಹತ್ತು ಗಂಟೆಗೆ ಅಣ್ಣನ ಅಂಗಡಿಯಲ್ಲೇ ಇದ್ದ. ಗಾಜಿನ ಮೇಲೆ ಸ್ಕೇಲ್ ಇಟ್ಟು ಕಟರ್ ಎತ್ತಿದಾಗ, ಮೊಳೆ ಹುಡುಕುವ ನೆಪದಲ್ಲಿ ಅಣ್ಣ ಬಂದು ಹಿಂದೆ ನಿಂತ. ತಮ್ಮ ಪಕ್ಕಕ್ಕೆ ಸರಿದು ಕಟರನ್ನು ಅವನ ಮುಂದೆ ಹಿಡಿದ.

"ನೀನೇ ಕತ್ತರಿಸು."

ಅಣ್ಣ ತೆಗೆದುಕೊಂಡ.