ಕರೆಂಟ್ ಎಲ್ಲಿಗೆ ಹೋಗಿದೆ?

ಜೋರು ಮಳೆ ಬಂದ ಮರುದಿನ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಮೊದಲು ಕೇಳುವುದು ಬಕೆಟ್ಟಿನ ಸದ್ದು. ಇಪ್ಪತ್ತು ಮನೆಗಳ ಪೈಕಿ ಒಂಬತ್ತಕ್ಕೆ ನೆಲಮಾಳಿಗೆ ಇದೆ. ಮೇಲೆ ಜಾಗ ಸಾಲದೆಂದು ಕೆಳಗೆ ಅಗೆದು ಕಟ್ಟಿಸಿಕೊಂಡವರು ನಾವು. ಬೇಸಿಗೆಯಲ್ಲಿ ಅಲ್ಲಿ ತಂಪಾಗಿ ಮಲಗಿ ಮೆರೆಯುತ್ತೇವೆ. ಮಳೆಗಾಲದಲ್ಲಿ ಪಕ್ಕದ ಮನೆಯವರ ಬಕೆಟ್ ಕೇಳಿಕೊಂಡು ಓಡಾಡುತ್ತೇವೆ.

ನಾನು ಇದೇ ಬೀದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿರುವವನು. ನನ್ನ ಎದುರು ಮನೆ ಗಾರೆ ಮೇಸ್ತ್ರಿಯದು. ಅವನ ಹೆಂಡತಿ ಟೈಲರಮ್ಮ ನೆಲಮಾಳಿಗೆಯಲ್ಲಿ ಎರಡು ಮೋಟಾರ್ ಮೆಷಿನ್ ಇಟ್ಟುಕೊಂಡು ಶಾಲೆಯ ಮಕ್ಕಳಿಗೆ ಯೂನಿಫಾರಂ ಹೊಲಿಯುತ್ತಾಳೆ. ಅವಳು ಹೊಲಿದದ್ದು ನನ್ನ ಮೇಜಿಗೆ ಬರುತ್ತದೆ, ನಾನು ಮಡಿಕೆ ಕೂರಿಸಿ ಕಳಿಸುತ್ತೇನೆ. ಆ ಮನೆಯನ್ನು ಮೇಸ್ತ್ರಿ ತಾನೇ ಕಟ್ಟಿದ್ದು. ಹೆತ್ತವರಿಗೆ ಹೆಗ್ಗಣ ಮುದ್ದು. ಆ ಗೋಡೆಯಲ್ಲಿ ಒಂದು ಬಿರುಕಿದೆ ಎಂದು ಯಾರಾದರೂ ಬಾಯಿ ಬಿಟ್ಟರೆ ಅವನು ವಾರಗಟ್ಟಲೆ ಮಾತು ಬಿಡುತ್ತಾನೆ.

ಆ ಸಲ ಎರಡು ದಿನ ಒಂದೇ ಸಮನೆ ಸುರಿಯಿತು. ಎರಡನೆಯ ದಿನ ಸಂಜೆ ಗಾಳಿ ಎದ್ದು ಇಡೀ ಬೀದಿಯ ಕರೆಂಟ್ ಹೋಯಿತು. ಬೆಳಿಗ್ಗೆ ನಾನು ಅಂಗಡಿ ಬಾಗಿಲು ತೆಗೆದು ಇದ್ದಿಲು ಹಚ್ಚುತ್ತಿದ್ದೆ. ಟೈಲರಮ್ಮ ಬರಿಗಾಲಲ್ಲಿ ಓಡಿ ಬಂದಳು.

“ಇಸ್ತ್ರಿ ಅಣ್ಣ, ಸ್ವಲ್ಪ ಬನ್ನಿ. ಕೆಳಗೆ ನೀರು ತುಂಬಿಬಿಟ್ಟಿದೆ.”

ಹೋಗಿ ನೋಡಿದೆ. ಹನ್ನೆರಡು ಮೆಟ್ಟಿಲುಗಳಲ್ಲಿ ಕೆಳಗಿನ ನಾಲ್ಕು ಕಾಣುತ್ತಲೇ ಇರಲಿಲ್ಲ. ಮಣ್ಣುಬಣ್ಣದ ನೀರಿನಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲು, ನೂಲಿನ ಉಂಡೆಗಳು, ಅವಳ ಚಪ್ಪಲಿಯ ಒಂದು ಕಾಲು ತೇಲುತ್ತಿದ್ದವು. ಬಟ್ಟೆ ಕತ್ತರಿಸುವ ದೊಡ್ಡ ಮೇಜು ಮಾತ್ರ ಇನ್ನೂ ಮುಳುಗಿರಲಿಲ್ಲ. ಅದರ ಮೇಲೆ ಗಂಟು ಕಟ್ಟಿಟ್ಟ ನಲವತ್ತಮೂರು ಜೊತೆ ಯೂನಿಫಾರಂ. ಗುಂಡಿ ಹಾಕಿ ಮುಗಿದಿತ್ತು, ಎರಡು ದಿನದಲ್ಲಿ ಶಾಲೆಗೆ ಕೊಡಬೇಕಿತ್ತು. ಮೇಜಿನ ಹಲಗೆಗೂ ನೀರಿಗೂ ನಡುವೆ ಉಳಿದದ್ದು ನಾಲ್ಕು ಬೆರಳು. ನೀರು ಇನ್ನೂ ಏರುತ್ತಿತ್ತು.

“ಅಳಬೇಡ ಕಣೇ, ಒಂದು ನಿಮಿಷದ ಕೆಲಸ,” ಎಂದ ಮೇಸ್ತ್ರಿ. ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿದ. ಮೆಟ್ಟಿಲ ಪಕ್ಕದ ಕಬ್ಬಿಣದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯತೊಡಗಿದ.

ನನಗೂ ಅದೇ ಸರಿ ಅನಿಸಿತು. “ಬೇಗ ಇಳಿ ಮೇಸ್ತ್ರಿ. ನೀನು ಗಂಟು ಎತ್ತಿ ಕೊಡು, ನಾನು ಇಲ್ಲಿಂದ ಇಸ್ಕೋತೀನಿ,” ಎಂದೆ. ಎಲುಬಿಲ್ಲದ ನಾಲಿಗೆ, ಹೇಳಿಬಿಟ್ಟಿತು.

“ಮೇಸ್ತ್ರಿ ಅಣ್ಣ, ಕಾಲು ಹಿಂದಕ್ಕೆ ತಗೊಳ್ಳಿ.”

ಹಿಂದಿನಿಂದ ಬಂದ ದನಿ ಮೀಟರಕ್ಕನದು. ತಿಂಗಳಿಗೊಮ್ಮೆ ಮನೆಮನೆಗೆ ಬಂದು ಕರೆಂಟ್ ಮೀಟರ್ ಓದಿಕೊಂಡು ಹೋಗುವವಳು. ಮೂರು ಮನೆ ಆಚೆ ವಾಸ. ಬಕೆಟ್ ಕೇಳಲು ಬಂದಿದ್ದಳು, ಬಾಗಿಲು ತೆರೆದೇ ಇತ್ತೆಂದು ಒಳಗೆ ಬಂದಿದ್ದಳು.

“ಮೊದಲು ಆ ಕಂಬಿ ಬಿಡಿ. ಮೇಲೆ ಬನ್ನಿ, ಆಮೇಲೆ ಮಾತಾಡೋಣ.”

ಮೇಸ್ತ್ರಿ ಕಂಬಿ ಬಿಟ್ಟ, ಆದರೆ ಮೇಲೆ ಬರಲಿಲ್ಲ. “ಏನಕ್ಕ, ನೀರಲ್ಲಿ ಮೊಸಳೆ ಇದೆಯಾ?”

“ಕರೆಂಟ್ ಇದೆ.”

“ಅಯ್ಯೋ, ನಿನ್ನೆ ಸಂಜೆನೇ ಹೋಗಿದೆಯಲ್ಲ. ಬೀದಿಗೆ ಬೀದಿನೇ ಕತ್ತಲು. ಮೀಟರ್ ಓದೋರಿಗೆ ನಾನು ಹೇಳ್ಬೇಕಾ?”

“ಹೋಗಿದೆ ಸರಿ. ಎಲ್ಲಿಗೆ ಹೋಗಿದೆ?”

“ಎಲ್ಲಿಗೋ ಹೋಗಿದೆ. ನನ್ನ ಹತ್ರ ಹೇಳಿ ಹೋಗುತ್ತಾ?”

“ಯಾವಾಗ ಬರ್ತೀನಿ ಅಂತ ಹೇಳಿದೆಯಾ?”

ಮೇಸ್ತ್ರಿಗೆ ಸಿಟ್ಟು ಬಂತು. “ಅಕ್ಕ, ಅಲ್ಲಿ ಬಟ್ಟೆ ಮುಳುಗ್ತಾ ಇದೆ. ನೀವು ಒಗಟು ಹಾಕ್ತಾ ಇದ್ದೀರ.”

ಮೀಟರಕ್ಕ ಅವನನ್ನು ಬಿಟ್ಟು, ನಡುಮನೆಯ ಬಾಗಿಲಲ್ಲಿ ನಿಂತಿದ್ದ ಅವನ ತಾಯಿಯನ್ನು ಕೇಳಿದಳು. “ಅಜ್ಜಿ, ನಿಮ್ಮ ಮಗ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಏನಂತಾನೆ?”

“ಏನಂತಾನೆ, ಹೋಗ್ಬರ್ತೀನಿ ಅಂತಾನೆ.”

“ಬರೀ ಹೋಗ್ತೀನಿ ಅನ್ನಲ್ವಾ?”

“ಬಿಡ್ತು ಅನ್ನು. ಹಾಗೆಲ್ಲ ಅಂತಾರಾ ಮನೆ ಬಿಡುವಾಗ?” ಅಜ್ಜಿ ಗದರಿದರು.

“ಕರೆಂಟೂ ಹಾಗೇನೇ ಅಜ್ಜಿ. ಅದು ಹೋಗಲ್ಲ, ಹೋಗ್ಬರುತ್ತೆ. ಎಲ್ಲೋ ತಂತಿ ಬಿದ್ದಿರುತ್ತೆ, ಅಲ್ಲಿ ಯಾರೋ ರಿಪೇರಿ ಮಾಡ್ತಾ ಇರ್ತಾರೆ. ಮುಗಿದ ಕೂಡಲೇ ಸ್ವಿಚ್ ಹಾಕ್ತಾರೆ. ಈ ಮನೇಲಿ ಮೇಸ್ತ್ರಿ ಅಣ್ಣ ನೀರಿಗಿಳೀತಾ ಇದ್ದಾರೆ ಅಂತ ಅವರಿಗೆ ಗೊತ್ತಿರುತ್ತಾ? ಕರೆಂಟ್ ಹೋಗಿರೋದು ಬೇರೆ, ನಾವು ಸ್ವಿಚ್ ಆರಿಸಿ ತೆಗೆದಿರೋದು ಬೇರೆ. ಹೋಗಿರೋದನ್ನ ನಂಬಿ ನೀರಿಗಿಳೀಬಾರದು. ತೆಗೆದ ಮೇಲೇ ಇಳೀಬೇಕು.”

“ಹಾಗಾದ್ರೆ ಮೇನ್ ತೆಗೆದ್ರಾಯ್ತು,” ಎಂದೆ ನಾನು. ಜಾಣನಾಗಲು ನನಗೂ ಆಸೆ.

“ಎಲ್ಲಿದೆ ಮೇನ್ ಸ್ವಿಚ್?”

ಮೇಸ್ತ್ರಿ ತಲೆ ಕೆರೆದುಕೊಂಡ. ಅದು ಕೆಳಗೇ ಇತ್ತು. ಹಾಲ್‌ನ ಗೋಡೆಯ ಮೇಲೆ ಅಂದವಾಗಿ ಕಾಣುವುದಿಲ್ಲವೆಂದು ಅವನೇ ಮೆಟ್ಟಿಲಿನ ಬುಡದಲ್ಲಿ ಕೂರಿಸಿದ್ದ. ಅಷ್ಟೇ ಅಲ್ಲ, ಮೆಷಿನ್ನಿನ ವೈರು ಕಾಲಿಗೆ ತೊಡರುತ್ತದೆಂದು ಹೆಂಡತಿ ಹೇಳಿದ್ದಕ್ಕೆ ಪ್ಲಗ್ ಪಾಯಿಂಟ್‌ಗಳನ್ನು ಮೊಣಕಾಲಿಗಿಂತ ಕೆಳಗೆ ಇಟ್ಟಿದ್ದ. ಅವೆಲ್ಲ ಈಗ ನೀರಿನೊಳಗಿದ್ದವು. ಹೆಂಡತಿಯ ಮೇಲಿನ ಪ್ರೀತಿಯಿಂದ ಮಾಡಿದ ಕೆಲಸವೇ ಹೀಗೆ ಹೊಂಚು ಹಾಕಿ ಕೂತಿತ್ತು.

“ಮೇನ್ ಮುಟ್ಟೋಕೆ ನೀರಲ್ಲೇ ನಿಂತ್ಕೋಬೇಕು,” ಎಂದ ಮೆಲ್ಲಗೆ.

“ಹಾಗಿದ್ರೆ ಅದನ್ನ ಮುಟ್ಟೋ ಹಾಗಿಲ್ಲ. ಹೊರಗಿನ ಮೀಟರಿಗೆ ನಾನೂ ಕೈ ಹಾಕೋ ಹಾಗಿಲ್ಲ, ನಾನು ಓದೋಳು ಅಷ್ಟೇ. ಲೈನ್‌ಮನ್ ಬಂದು ಕಂಬದಲ್ಲೇ ನಿಮ್ಮ ಮನೆ ಲೈನ್ ಬಿಡಿಸಬೇಕು.” ಮೀಟರಕ್ಕ ಫೋನ್ ತೆಗೆದಳು. ಮಾತಾಡಿ ಇಟ್ಟು, “ಅರ್ಧ ಗಂಟೆ ಅಂತೆ,” ಎಂದಳು.

ಅರ್ಧ ಗಂಟೆ. ನಾವೆಲ್ಲ ಮೇಜಿನ ಕಡೆ ನೋಡಿದೆವು. ನಾಲ್ಕು ಬೆರಳು ಇದ್ದದ್ದು ಎರಡಕ್ಕೆ ಬಂದಿತ್ತು. ಕತ್ತರಿಸಿದ್ದು, ಹೊಲಿದದ್ದು, ಕಾಜಾ ಕಟ್ಟಿದ್ದು, ಒಂದೂವರೆ ತಿಂಗಳ ದುಡಿಮೆ ಆ ಗಂಟಿನಲ್ಲಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ. 

ಮೇಸ್ತ್ರಿ ಕೊನೆಯ ಒಣ ಮೆಟ್ಟಿಲ ಮೇಲೇ ನಿಂತಿದ್ದ. ಹೆಂಡತಿಯ ಕಡೆ ತಿರುಗಿ ಕೇಳಿದ.

“ಇಳೀಲಾ? ಬೇಗ ಹೋಗಿ ಬಂದ್ಬಿಡ್ತೀನಿ. ನೀನು ಹೂಂ ಅನ್ನು ಸಾಕು.”

ಟೈಲರಮ್ಮ ಗಂಟುಗಳನ್ನು ನೋಡಿದಳು. ಗಂಡನನ್ನು ನೋಡಿದಳು. 

“ಬೇಡ ರೀ. ಮೇಲೆ ಬನ್ನಿ.”

ಅವನು ಗೊಣಗುತ್ತಲೇ ಹತ್ತಿದ. “ಅರ್ಧ ಗಂಟೇಲಿ ಎಲ್ಲಾ ಹಾಳಾಗುತ್ತೆ. ಆಮೇಲೆ ನನ್ನನ್ನ ಅನ್ನಬೇಡ,” ಎನ್ನುತ್ತ ಮೇಲೆ ಬಂದು ಗೋಡೆಗೆ ಒರಗಿ ಕೂತ.  ಅಜ್ಜಿ ಒಲೆ ಹಚ್ಚಿ ನೀರು ಕಾಯಿಸಲು ಒಳಗೆ ಹೋದರು. ನೀರು ಮೇಜಿನ ಅಂಚು ಮುಟ್ಟಿತು, ಮೊದಲ ಗಂಟಿನ ತಳ ಕಪ್ಪಾಯಿತು.

ಅಷ್ಟರಲ್ಲಿ ಎದುರಿನ ನನ್ನ ಅಂಗಡಿಯಲ್ಲಿ ರೇಡಿಯೋ ಹಾಡತೊಡಗಿತು. ನಿನ್ನೆ ಆರಿಸುವುದನ್ನು ಮರೆತಿದ್ದೆ. ಇದೇಕೆ ಈಗ ಹಾಡುತ್ತಿದೆ ಎಂದು ನಾನು ತಿರುಗುವುದರೊಳಗೆ ನೆಲಮಾಳಿಗೆಯ ಬಲ್ಬು ಹೊತ್ತಿತು. ನೀರಿನೊಳಗೆ ಮೆಷಿನ್ನಿನ ಹತ್ತಿರ ಚರ್ ಎಂದು ಸದ್ದಾಯಿತು, ಗುಳ್ಳೆ ಎದ್ದವು. ಒಂದು ಇಲಿ ಮೆಟ್ಟಿಲ ಕಡೆಗೆ ಈಜಿಕೊಂಡು ಬರುತ್ತಿತ್ತು. ಅದು ಅಲ್ಲೇ ನಿಂತಿತು. ಆಮೇಲೆ ಅಲುಗಲಿಲ್ಲ.

“ಗೋಡೆ, ಕಂಬಿ ಯಾವುದನ್ನೂ ಮುಟ್ಟಬೇಡಿ. ಎಲ್ಲರೂ ಹೊರಗೆ ನಡೀರಿ,” ಎಂದಳು ಮೀಟರಕ್ಕ. 

ಒಳಗಿದ್ದ ಅಜ್ಜಿಯನ್ನೂ ಕರೆದುಕೊಂಡು ನಾವು ಬೀದಿಗೆ ಬಂದೆವು. ಮೇಸ್ತ್ರಿ ಜಗಲಿಯ ಮೇಲೆ ಕೂತು ತನ್ನ ಕಾಲುಗಳನ್ನೇ ನೋಡುತ್ತಿದ್ದ. ಅವನು ಇಳಿದಿದ್ದರೆ ಅಷ್ಟು ಹೊತ್ತಿಗೆ ಸರಿಯಾಗಿ ಎರಡನೆಯ ಗಂಟಿಗೆ ಕೈ ಹಾಕಿರುತ್ತಿದ್ದ. ನಾನು ಮೆಟ್ಟಿಲ ಮೇಲೆ ಕೈ ಚಾಚಿ ನಿಂತಿರುತ್ತಿದ್ದೆ.

ಲೈನ್‌ಮನ್ ಬಂದು ಕಂಬದಲ್ಲಿ ಲೈನ್ ಬಿಡಿಸಿದ. ಟೆಸ್ಟರ್ ಹಿಡಿದು ಎರಡೆರಡು ಸಲ ನೋಡಿ, ಈಗ ಭಯವಿಲ್ಲ ಎಂದ. ನಾನು ಎಲ್ಲಿಂದಲೋ ಪೆಟ್ರೋಲಿನಲ್ಲಿ ಓಡುವ ನೀರೆತ್ತುವ ಪಂಪೊಂದನ್ನು ತಂದು, ಮೆಟ್ಟಿಲ ಮೇಲೇ ಇಟ್ಟು ಶುರುಮಾಡಲು ಹೊರಟೆ. ಬುದ್ಧಿ ಬರುವುದಕ್ಕೆ ನನಗೆ ಸ್ವಲ್ಪ ಹೊತ್ತು ಬೇಕು.

“ಬೀದೀಲಿ ಇಡಿ ಅಣ್ಣ, ಬಾಗಿಲು ಕಿಟಕಿಯಿಂದ ದೂರ. ಪೈಪ್ ಮಾತ್ರ ಒಳಗೆ ಬಿಡಿ,” ಎಂದಳು ಮೀಟರಕ್ಕ. “ಅದರ ಹೊಗೇಲಿ ವಿಷ ಇರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮನೆ ಒಳಗೆ ತುಂಬಿಕೊಂಡ್ರೆ ಕೂತಲ್ಲೇ ಜ್ಞಾನ ತಪ್ಪುತ್ತೆ, ಜೀವಾನೂ ಹೋಗುತ್ತೆ.”

“ಬೀದೀಲೇ ಇಡ್ತೀನಿ. ಸಂಜೆಯೊಳಗೆ ಎಲ್ಲಾ ಖಾಲಿ ಮಾಡಿಬಿಡೋಣ,” ಎಂದೆ.

ಆಗ ಮೇಸ್ತ್ರಿ ಮೊದಲ ಸಲ ತಲೆ ಎತ್ತಿದ.

“ಬೇಡ. ಇದು ನನ್ನ ಕಸುಬು, ಇದು ನನಗೆ ಗೊತ್ತು. ಹೊರಗಡೆ ಮಣ್ಣು ಎರಡು ದಿನ ನೀರು ಕುಡಿದಿದೆ, ಗೋಡೆನ ಒಳಕ್ಕೆ ಒತ್ತುತ್ತಾ ಇದೆ. ಒಳಗಿನ ನೀರೇ ಈಗ ಗೋಡೆಗೆ ಆಸರೆ. ಒಂದೇ ಸಲ ತೆಗೆದ್ರೆ ಗೋಡೆ ಮಗುಚಿಕೊಳ್ಳುತ್ತೆ. ಬೀದಿ ನೀರು ಇಳೀಲಿ. ಆಮೇಲೆ ದಿನಕ್ಕೆ ಮೂರರಲ್ಲಿ ಒಂದು ಪಾಲು ತೆಗೆಯೋಣ, ನೀರಿನ ಮಟ್ಟಕ್ಕೆ ಗೋಡೆ ಮೇಲೆ ಗೆರೆ ಹಾಕಿ, ಮತ್ತೆ ಏರುತ್ತಾ ನೋಡ್ಕೊಳ್ಳೋಣ.”

“ನೀವು ಕಟ್ಟಿದ ಗೋಡೆನೂ ಬೀಳುತ್ತಾ ಅಣ್ಣ?” ಮೀಟರಕ್ಕ ನಗದೆ ಕೇಳಿದಳು.

“ಯಾರು ಕಟ್ಟಿದ್ರೂ ಬೀಳುತ್ತೆ,” ಎಂದ ಮೇಸ್ತ್ರಿ. ಈ ಮಾತು ಅವನ ಬಾಯಿಂದ ಬಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಮೂರು ದಿನ ಹಿಡಿಯಿತು. ಚರಂಡಿಯ ನೀರೂ ಸೇರಿದ್ದರಿಂದ ಎಲ್ಲರೂ ಬೂಟು, ರಬ್ಬರ್ ಗ್ಲೌಸ್ ಹಾಕಿಕೊಂಡೇ ಇಳಿದೆವು. ಮಕ್ಕಳನ್ನು ಹತ್ತಿರ ಬಿಡಲಿಲ್ಲ. ಎರಡು ಮೆಷಿನ್‌ಗಳನ್ನೂ ಒಣಗಿಸಿ, ಮೆಕ್ಯಾನಿಕ್ ಬಿಚ್ಚಿ ನೋಡುವವರೆಗೆ ಪ್ಲಗ್ಗಿಗೆ ಹಾಕಲಿಲ್ಲ. ಒಂದು ಉಳಿಯಿತು, ಇನ್ನೊಂದು ಉಳಿಯಲಿಲ್ಲ. ಅದನ್ನು ಹೊರಗೆ ಸಾಗಿಸುವಾಗ ಟೈಲರಮ್ಮ ಅದರ ಚಕ್ರದ ಮೇಲೆ ಒಮ್ಮೆ ಕೈ ಇಟ್ಟು ತೆಗೆದಳು. ಮೇಸ್ತ್ರಿ ಮೇನ್ ಬೋರ್ಡನ್ನು ಕಿತ್ತಿಸಿ ಹಾಲ್‌ನ ಗೋಡೆಗೇ ಹಾಕಿಸಿದ. ಪ್ಲಗ್ ಪಾಯಿಂಟ್‌ಗಳು ಭುಜದೆತ್ತರಕ್ಕೆ ಏರಿದವು. ಅಂದ ನೋಡುವವರು ಬೇರೆ ಮನೆ ನೋಡಿಕೊಳ್ಳಲಿ ಎಂದ.

ಯೂನಿಫಾರಂಗಳೆಲ್ಲ ನೆನೆದಿದ್ದವು. ಬಿಸಿನೀರು, ಸೋಪು ಹಾಕಿ ಎರಡೆರಡು ಸಲ ಒಗೆದರು. ಏಳು ಜೊತೆಗೆ ಕಲೆ ಹೋಗಲಿಲ್ಲ, ಅಷ್ಟನ್ನು ಮತ್ತೆ ಹೊಲಿಯಬೇಕಾಯಿತು. ಶಾಲೆಯವರು ಒಂದು ವಾರ ತಡೆದುಕೊಂಡರು. ಒಣಗಿದ ಬಟ್ಟೆಯ ಗಂಟು ಹೊತ್ತು ಟೈಲರಮ್ಮ ನನ್ನ ಅಂಗಡಿಗೆ ಬಂದಳು.

ನನಗೆ ಅವಳ ಮುಖ ನೋಡಲಾಗಲಿಲ್ಲ. ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಹೇಳಿದೆ. “ತಪ್ಪಾಯ್ತು ಕಣಮ್ಮ. ಅವತ್ತು ಇಳಿ ಅಂದವನು ನಾನು.”

ಅವಳು ಬಟ್ಟೆಯ ಮಡಿಕೆ ಬಿಡಿಸುತ್ತ ನಿಂತಳು.

“ನೀವು ಅಂದ್ರಿ ಅಣ್ಣ. ಅವರು ನನ್ನ ಕೇಳಿದ್ರಲ್ಲ, ಇಳೀಲಾ ಅಂತ. ನನಗೂ ಹೂಂ ಅಂತ ಬಾಯಿಗೆ ಬಂದಿತ್ತು. ನಲವತ್ತಮೂರು ಜೊತೆ ಬಟ್ಟೆಗೆ.” ಅವಳು ಮೊದಲ ಅಂಗಿಯನ್ನು ನನ್ನ ಮೇಜಿನ ಮೇಲೆ ಹಾಸಿದಳು. ನಾನು ಇಸ್ತ್ರಿ ಪೆಟ್ಟಿಗೆ ಕೈಗೆತ್ತಿಕೊಂಡೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮುಂದಿನ ಮಳೆಗೆ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಮನೆಯ ಮೇನ್ ಸ್ವಿಚ್ ಎಲ್ಲಿದೆ ಎಂದು ಇವತ್ತೇ ಎದ್ದು ಹೋಗಿ ನೋಡಿ. ಅದು ಕೆಳಗಿದ್ದರೆ ಮೇಲಕ್ಕೆ ಹಾಕಿಸಿ. ಇನ್ವರ್ಟರ್ ಇದ್ದರೆ ಅದನ್ನೂ ಆರಿಸಬೇಕು, ನೆನಪಿಡಿ. ನೀರು ನುಗ್ಗಿದರೆ, ಒಣ ಜಾಗದಲ್ಲಿ ನಿಂತು ಒಣಗಿದ ಕೈಯಿಂದ ಮೇನ್ ತೆಗೆಯಲು ಆಗುತ್ತದೆಯೋ ನೋಡಿ. ಆಗದಿದ್ದರೆ ಲೈನ್‌ಮನ್‌ಗೆ ಫೋನ್ ಮಾಡಿ ಕಾಯಿರಿ. ಕಾಯುವಾಗ ಕಣ್ಣೆದುರೇ ಸಾಮಾನು ಮುಳುಗುತ್ತದೆ. ಹೊಟ್ಟೆ ಉರಿಯುತ್ತದೆ, ನನಗೆ ಗೊತ್ತು. ಆಗ ನಿಮ್ಮವರೊಬ್ಬರು ಕೊನೆಯ ಒಣ ಮೆಟ್ಟಿಲ ಮೇಲೆ ನಿಂತು ನಿಮ್ಮ ಮುಖ ನೋಡುತ್ತಾರೆ, ಇಳೀಲಾ ಎಂದು ಕೇಳುತ್ತಾರೆ. ಅವರು ಇಳಿಯುವುದೂ ಉಳಿಯುವುದೂ ನಿಮ್ಮ ಒಂದು ಮಾತಿನ ಮೇಲಿದೆ. ಬೇಡ ಎನ್ನಿ.